ಕಲಸಿದ ತೈಲವರ್ಣ ಮುಂದಿನ ಭಾನುವಾರದವರೆಗೆ ಉಳಿಯುವುದು ಹೇಗೆ?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಭಾನುವಾರ ಮಾತ್ರ ಚಿತ್ರ ಬರೆಯಲು ಬಿಡುವು ಸಿಗುತ್ತದೆ. ಈಗ ನಮ್ಮ ತಂದೆಯವರ ಭಾವಚಿತ್ರವನ್ನು ತೈಲವರ್ಣದಲ್ಲಿ ಮಾಡುತ್ತಿದ್ದೇನೆ. ಮುಖದ ಬಣ್ಣಕ್ಕೆ ಐದಾರು ಛಾಯೆ ಕಲಸಿಕೊಳ್ಳುವಷ್ಟರಲ್ಲಿ ಅರ್ಧ ಬೆಳಿಗ್ಗೆ ಕಳೆದುಹೋಗುತ್ತದೆ. ಮುಂದಿನ ವಾರ ನೋಡಿದರೆ ಕೆಲವು ಗುಡ್ಡೆಗಳು ಕೆನೆಗಟ್ಟಿರುತ್ತವೆ, ಕೆಲವು ಪೂರ್ತಿ ಗಟ್ಟಿಯಾಗಿರುತ್ತವೆ. ಮತ್ತೆ ಕಲಸಿದರೆ ಅದೇ ಛಾಯೆ ಬರುವುದಿಲ್ಲ. ಒಬ್ಬರು ನೀರಿನಲ್ಲಿ ಮುಳುಗಿಸಿಡಿ ಎಂದರು, ಇನ್ನೊಬ್ಬರು ಫ್ರಿಜ್ಜಿನಲ್ಲಿಡಿ ಎಂದರು, ಮತ್ತೊಬ್ಬರು ಲವಂಗದ ಎಣ್ಣೆ ಬೆರೆಸಿ ಎಂದರು. ಸೀಮೆಎಣ್ಣೆ ಹಾಕಿದರೂ ಸಾಕು ಎಂದವರಿದ್ದಾರೆ. ಯಾವುದನ್ನು ನಂಬಲಿ?
— ಓದುಗರು, ಧಾರವಾಡ

ಉತ್ತರ: ಸೀಮೆಎಣ್ಣೆಯನ್ನು ಈಗಲೇ ಪಟ್ಟಿಯಿಂದ ತೆಗೆದುಹಾಕಿ. ಉಳಿದ ಮೂರೂ ಕೆಲಸ ಮಾಡುತ್ತವೆ, ಆದರೆ ಒಂದೊಂದಕ್ಕೆ ಒಂದೊಂದು ಅವಧಿ, ಒಂದೊಂದು ಅಪಾಯ. ನಿಮ್ಮದು ಏಳು ದಿನಗಳ ಅಂತರ. ಅದಕ್ಕೆ ನನ್ನ ಮೊದಲ ಆಯ್ಕೆ ಫ್ರೀಜರ್. ಮನೆಯಲ್ಲಿ ಅದು ಆಗದಿದ್ದರೆ ಖಾಲಿ ಟ್ಯೂಬ್ ಅಥವಾ ಸಿರಿಂಜ್. ಏಕೆ ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ನಿಮ್ಮ ಮನೆಗೆ, ನಿಮ್ಮ ಊರಿನ ಹವೆಗೆ ಹೊಂದುವ ಉಪಾಯವನ್ನು ನೀವೇ ಕಂಡುಕೊಳ್ಳಬಹುದು.

ಜಲವರ್ಣ ಒಣಗುವುದು ಅದರಲ್ಲಿನ ನೀರು ಆವಿಯಾಗಿ. ಎಣ್ಣೆಬಣ್ಣದ ಸಂಗತಿ ಬೇರೆಯೇ. ಬಣ್ಣ ತೆಳುಮಾಡಲು ಟರ್ಪಂಟೈನ್ ಬೆರೆಸಿದ್ದರೆ ಅದೊಂದು ಆವಿಯಾಗಿ ಹೋಗುತ್ತದೆ, ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಬಣ್ಣದ ಪುಡಿಯನ್ನು ಸಾಮಾನ್ಯವಾಗಿ ಅರೆದಿರುವುದು ಅಗಸೆ ಎಣ್ಣೆಯಲ್ಲಿ. ಈ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಗಟ್ಟಿಯಾಗುವ ಹಂತದಲ್ಲಿ ಎಣ್ಣೆಯ ತೂಕ ಕಡಿಮೆಯಾಗುವ ಬದಲು ಹೆಚ್ಚುವುದು ಇದೇ ಕಾರಣಕ್ಕೆ. ಹಾಗಾಗಿ ನಾವು ಕಾಯಬೇಕಾದದ್ದು ಬಣ್ಣದ ತೇವವನ್ನಲ್ಲ. ಗಾಳಿ ತಾಗದಂತೆ ನೋಡಿಕೊಳ್ಳುವುದೇ ಇಡೀ ಕೆಲಸ. ಅಕ್ರಿಲಿಕ್ ಬಣ್ಣದವರು ಬಳಸುವ ಒದ್ದೆ ಸ್ಪಂಜಿನ ಪ್ಯಾಲೆಟ್ (ಬಣ್ಣ ಕಲಸುವ ಹಲಗೆ) ಎಣ್ಣೆಬಣ್ಣಕ್ಕೆ ಉಪಯೋಗಕ್ಕೆ ಬಾರದಿರುವುದೂ ಇದರಿಂದಲೇ.

ಇನ್ನೊಂದು ಮುಖ್ಯ ವಿಷಯವಿದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಟ್ಯೂಬಿನಿಂದ ಹೊರಬಂದ ಕೂಡಲೇ ಈ ಕ್ರಿಯೆ ಜೋರಾಗಿ ಶುರುವಾಗುವುದಿಲ್ಲ. ಎಣ್ಣೆಯಲ್ಲಿ ಸಹಜವಾಗಿರುವ ಕೆಲವು ಅಂಶಗಳು ಸ್ವಲ್ಪ ಹೊತ್ತು ಆಮ್ಲಜನಕವನ್ನು ತಡೆದು ನಿಲ್ಲಿಸುತ್ತವೆ. ಅವು ಖರ್ಚಾದ ಮೇಲೆ ಕ್ರಿಯೆ ತಾನೇ ತಾನಾಗಿ ವೇಗ ಪಡೆದುಕೊಳ್ಳುತ್ತದೆ. ಆಮೇಲೆ ಮುಚ್ಚಿಟ್ಟರೆ ನಿಧಾನವಾಗುತ್ತದೆಯೇ ಹೊರತು ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಕಲಸಿದ ಬಣ್ಣವನ್ನು ಸಂಜೆಯವರೆಗೆ ಫ್ಯಾನಿನ ಕೆಳಗೆ ಹರಡಿಟ್ಟು, ರಾತ್ರಿ ಊಟವಾದ ಮೇಲೆ ಡಬ್ಬಿಗೆ ಹಾಕುವವರು ವಾರದ ಕೊನೆಗೆ ಡಬ್ಬಿಯನ್ನು ದೂರುತ್ತಾರೆ. ಕಲಸಿದ ತಕ್ಷಣವೇ ಮುಂದಿನ ವಾರದ ಪಾಲನ್ನು ಬೇರೆ ತೆಗೆದಿಡಿ. ಇವತ್ತು ಬಳಸಿ ಉಳಿದದ್ದನ್ನು ಉಳಿಸುವುದು ಬೇರೆ, ಮೊದಲೇ ಎತ್ತಿಡುವುದು ಬೇರೆ. ನಾನು ಹೇಳುವ ಎಲ್ಲದರಲ್ಲಿ ಹೆಚ್ಚು ಫಲ ಕೊಡುವುದು ಇದೇ, ಇದಕ್ಕೆ ಖರ್ಚೂ ಇಲ್ಲ.

ಪ್ಯಾಲೆಟ್ಟಿನ ಮೇಲೆ ಉಳಿದ ಬಣ್ಣವನ್ನು ಬಣ್ಣ ಕಲಸುವ ಪ್ಯಾಲೆಟ್ ನೈಫಿನಿಂದ ಕೆರೆದು ಗುಂಡಗೆ, ಎತ್ತರಕ್ಕೆ ಗುಡ್ಡೆ ಮಾಡಿ. ತೆಳ್ಳಗೆ ಹರಡಿದ ಬಣ್ಣ ಪೂರ್ತಿ ಗಾಳಿಗೆ ಸಿಗುತ್ತದೆ. ಅದೇ ಬಣ್ಣ ಗುಡ್ಡೆಯಾಗಿದ್ದರೆ ಮೇಲ್ಮೈಯಷ್ಟೇ ಕೆನೆಗಟ್ಟುತ್ತದೆ, ಒಳಗಿನದು ಉಳಿಯುತ್ತದೆ.

ನಿಮ್ಮ ಕೆಲವು ಗುಡ್ಡೆಗಳು ಬೇಗ, ಕೆಲವು ತಡವಾಗಿ ಗಟ್ಟಿಯಾಗುವುದಕ್ಕೆ ಕಾರಣ ಅವುಗಳಲ್ಲಿನ ವರ್ಣದ್ರವ್ಯ, ಅಂದರೆ ಬಣ್ಣ ಕೊಡುವ ಪುಡಿ. ಅಂಬರ್‌ಗಳಲ್ಲಿ, ಅಂದರೆ ಕಂದು ಮಣ್ಣುಬಣ್ಣಗಳಾದ ರಾ ಅಂಬರ್ ಮತ್ತು ಬರ್ನ್ಟ್ ಅಂಬರ್‌ನಲ್ಲಿ, ಮ್ಯಾಂಗನೀಸ್ ಇದೆ. ಅದು ಎಣ್ಣೆ ಗಟ್ಟಿಯಾಗುವುದನ್ನು ಚುರುಕುಗೊಳಿಸುತ್ತದೆ. ಕೋಬಾಲ್ಟ್ ಇರುವ ನೀಲಿಗಳು, ಸೀಸದ ಬಿಳಿ ಕೂಡ ಹೀಗೆಯೇ. ಕ್ಯಾಡ್ಮಿಯಂ ಕೆಂಪು-ಹಳದಿ, ಐವರಿ ಬ್ಲ್ಯಾಕ್, ಅಲಿಜರಿನ್ ಕ್ರಿಮ್ಸನ್ ನಿಧಾನದವು. ಕಲಸಿದಾಗ ಬೇಗ ಒಣಗುವ ಬಣ್ಣದ ಗುಣವೇ ಇಡೀ ಮಿಶ್ರಣದ ಮೇಲೆ ಸವಾರಿ ಮಾಡುತ್ತದೆ. ಒಂದು ಚಿಟಿಕೆ ಬರ್ನ್ಟ್ ಅಂಬರ್ ಬಿದ್ದರೂ ಟೈಟೇನಿಯಂ ವೈಟ್ ಗುಡ್ಡೆ ತನ್ನ ಸಹಜ ವೇಗಕ್ಕಿಂತ ಬೇಗ ಬಿಗಿಯುತ್ತದೆ. ಮುಖದ ನೆರಳಿನ ಛಾಯೆಗಳಿಗೆ ನೀವು ಅಂಬರ್ ಬಳಸುತ್ತಿದ್ದೀರಿ ಎಂದು ನನ್ನ ಊಹೆ. ಎತ್ತಿಡುವ ಮಿಶ್ರಣಗಳಲ್ಲಿ ಅದರ ಬದಲು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ಬ್ಲೂ ಬೆರೆಸಿ ಕಂದು ಮಾಡಿಕೊಳ್ಳಿ. ನಮ್ಮ ಮೈಬಣ್ಣದ ನೆರಳಿಗೆ ಅದು ಅಂಬರ್‌ಗಿಂತ ಚೆನ್ನಾಗಿಯೇ ಹೊಂದುತ್ತದೆ. ಅಂಬರ್‌ನಲ್ಲಿ ಬರುವ ಮಣ್ಣಿನ ಮಂಕು ಇದರಲ್ಲಿ ಇರುವುದಿಲ್ಲ.

ಎಣ್ಣೆಯ ಆಯ್ಕೆಯೂ ಮುಖ್ಯ. ಅಗಸೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ. ನಿಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಬೆಳೆಯುವ ಕುಸುಬೆಯ ಎಣ್ಣೆಯೂ ತೈಲವರ್ಣದ ಎಣ್ಣೆಯೇ. ಅದು ನಿಧಾನವಾಗಿ ಒಣಗುತ್ತದೆ, ಹಳದಿಗೆ ತಿರುಗುವುದೂ ಕಡಿಮೆ. ಅದಕ್ಕಾಗಿಯೇ ಹಲವು ತಯಾರಕರು ಬಿಳಿ ಬಣ್ಣವನ್ನು ಕುಸುಬೆ ಎಣ್ಣೆಯಲ್ಲಿ ಅರೆಯುತ್ತಾರೆ. ಟ್ಯೂಬಿನ ಹಿಂದಿನ ಅಕ್ಷರಗಳನ್ನು ಒಮ್ಮೆ ಓದಿ ನೋಡಿ. ಮಿಶ್ರಣ ಬಿಗಿಯೆನಿಸಿ ಎಣ್ಣೆ ಸೇರಿಸಲೇಬೇಕಾದರೆ ಕಲಾಸಾಮಗ್ರಿ ಅಂಗಡಿಯ ಶುದ್ಧ ಕುಸುಬೆ ಎಣ್ಣೆಯ ಒಂದೆರಡು ಹನಿ ಸಾಕು. ಅಡುಗೆಮನೆಯ ಎಣ್ಣೆ ಬೇಡ, ಅದರಲ್ಲಿ ಬೇರೆ ಎಣ್ಣೆಗಳೂ ಸೇರಿರಬಹುದು. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳಂತೂ ಎಂದಿಗೂ ಗಟ್ಟಿ ಪದರವಾಗುವುದಿಲ್ಲ. ಅವನ್ನು ಬೆರೆಸಿದ ಬಣ್ಣ ಡಬ್ಬಿಯಲ್ಲಿ ಚೆನ್ನಾಗಿ ಉಳಿಯುತ್ತದೆ ನಿಜ, ಕ್ಯಾನ್ವಾಸಿನ ಮೇಲೂ ವರ್ಷಗಟ್ಟಲೆ ಜಿಗುಟಾಗಿಯೇ ಉಳಿಯುತ್ತದೆ. ಒಂದು ಎಚ್ಚರಿಕೆ: ನಿಧಾನವಾಗಿ ಒಣಗುವ ಮಿಶ್ರಣವನ್ನು ಕೆಳಪದರಕ್ಕೆ ಹಾಕಿ, ಅದರ ಮೇಲೆ ಬೇಗ ಒಣಗುವುದನ್ನು ಬಳಿದರೆ ಮುಂದೆ ಬಿರುಕು ಬಿಡುತ್ತದೆ. ಮೊದಲ ಪದರಗಳಿಗೆ ಕುಸುಬೆ ಎಣ್ಣೆ ಬೇಡ.

ಇನ್ನು ನೀವು ಕೇಳಿದ ಉಪಾಯಗಳು.

ಫ್ರೀಜರ್. ರಾಸಾಯನಿಕ ಕ್ರಿಯೆಗಳ ವೇಗ 10 ಡಿಗ್ರಿ ಇಳಿದರೆ ಸುಮಾರು ಅರ್ಧವಾಗುತ್ತದೆ ಎಂಬುದು ಒಂದು ಅಂದಾಜಿನ ಲೆಕ್ಕ. ಧಾರವಾಡದ ಕೋಣೆಯ 28 ಡಿಗ್ರಿಯಿಂದ ಫ್ರೀಜರಿನ ಮೈನಸ್ 18ಕ್ಕೆ ಇಳಿದರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೂ ಲಾಭವಿದೆ, ಇಷ್ಟಿಲ್ಲ. ಅಗಸೆ ಎಣ್ಣೆ ಹೆಪ್ಪುಗಟ್ಟಲು ಮೈನಸ್ 20ರ ಆಚೀಚೆಯ ತಂಪು ಬೇಕು, ಹಾಗಾಗಿ ಬಣ್ಣ ಕಲ್ಲಾಗುವುದಿಲ್ಲ, ಬಿಗಿಯಾಗುತ್ತದಷ್ಟೇ. ಹೊರಗಿಟ್ಟು ಅರ್ಧ ಗಂಟೆ ಕಾದರೆ ಮತ್ತೆ ಬೆಣ್ಣೆಯಷ್ಟು ಮೃದುವಾಗುತ್ತದೆ.

ಇದನ್ನು ಮಾಡುವ ಕ್ರಮ ಹೀಗೆ. ಗಾಜಿನ ಅಂಗಡಿಯಲ್ಲಿ ನಿಮ್ಮ ಡಬ್ಬಿಯ ಅಳತೆಗೆ ಒಂದು ಗಾಜಿನ ತುಂಡು ಕತ್ತರಿಸಿಕೊಂಡು, ಅಂಚನ್ನು ತಿಕ್ಕಿಸಿಕೊಳ್ಳಿ. ಗುಡ್ಡೆಗಳನ್ನು ಅದರ ಮೇಲೆ ಸಾಲಾಗಿ ಇಡಿ. ಅಲ್ಯುಮಿನಿಯಂ ಫಾಯಿಲ್ ಅನ್ನು ಪ್ರತಿ ಗುಡ್ಡೆಗೂ ತಾಗುವಂತೆ ಬೆರಳಿನಿಂದ ಮೆಲ್ಲಗೆ ಒತ್ತಿ. ಸುತ್ತಲಿನ ಗಾಜಿಗೂ ಅಂಟಿಸಿ, ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯೂ ನಡೆಯುತ್ತದೆ, ಆದರೆ ಅದು ಆಮ್ಲಜನಕವನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತದೆ, ಫಾಯಿಲ್ ಬಿಡುವುದಿಲ್ಲ. ಆಮೇಲೆ ಗಾಜನ್ನು ಡಬ್ಬಿಗೆ ಹಾಕಿ ಮುಚ್ಚಿ.

ಡಬ್ಬಿ ಗಾಳಿಯಾಡದಂತೆ ಮುಚ್ಚಿದ್ದರೆ ಸಾಲದೇ, ಫಾಯಿಲ್ ಏಕೆ ಎಂದು ಕೇಳಬಹುದು. ಎರಡು ಲೀಟರಿನ ಡಬ್ಬಿಯಲ್ಲಿ ಸುಮಾರು 400 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಒಳಗಿಟ್ಟ ಕೆಲವು ಗ್ರಾಂ ಬಣ್ಣ ಕೆನೆಗಟ್ಟಲು ಅಷ್ಟು ಧಾರಾಳವಾಗಿ ಸಾಕು. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಗಾಳಿ ಆಗಲೇ ಒಳಗಿದೆ. ಆದ್ದರಿಂದ ಡಬ್ಬಿ ಆದಷ್ಟು ಚಿಕ್ಕದಿರಲಿ, ಫಾಯಿಲ್ ಬಣ್ಣಕ್ಕೆ ಅಂಟಿಕೊಂಡಿರಲಿ.

ಹೊರತೆಗೆದಾಗ ಆತುರಪಟ್ಟು ಮುಚ್ಚಳ ತೆರೆಯಬೇಡಿ. ತಣ್ಣಗಿನ ಗಾಜಿನ ಮೇಲೆ ಗಾಳಿಯ ತೇವ ಹನಿಗಟ್ಟಿ ಬಣ್ಣಕ್ಕೆ ಸೇರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯವರಿಗೆ, ಇದು ದೊಡ್ಡ ತೊಂದರೆ. ಡಬ್ಬಿ ಕೋಣೆಯ ಬಿಸಿಗೆ ಬಂದ ಮೇಲೆಯೇ ತೆರೆಯಿರಿ. ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ: ಕ್ಯಾಡ್ಮಿಯಂ, ಕೋಬಾಲ್ಟ್, ಸೀಸ ಇರುವ ಬಣ್ಣಗಳು ವಿಷ. ಡಬ್ಬಿಯನ್ನು ಇನ್ನೊಂದು ಚೀಲದಲ್ಲಿ ಕಟ್ಟಿ, ಮೇಲೆ ದೊಡ್ಡದಾಗಿ ‘ಬಣ್ಣ’ ಎಂದು ಬರೆದು, ಆಹಾರಕ್ಕೆ ತಾಗದ ಮೂಲೆಯಲ್ಲಿಡಿ. ಒಮ್ಮೆ ಬಣ್ಣಕ್ಕೆ ಬಳಸಿದ ಡಬ್ಬಿ ಮತ್ತೆ ಅಡುಗೆಮನೆಗೆ ಹೋಗಬಾರದು. ಮನೆಯಲ್ಲಿ ಮಕ್ಕಳಿದ್ದರೆ ಅಥವಾ ಮನೆಯವರು ಬೇಡವೆಂದರೆ ಅವರ ಮಾತೇ ಸರಿ, ಸಿರಿಂಜಿನ ದಾರಿ ಹಿಡಿಯಿರಿ.

ನೀರು. ಇದು ಹಳೆಯ ಪದ್ಧತಿ. ಯುರೋಪಿನ ಹಳೆಯ ಚಿತ್ರಶಾಲೆಗಳಲ್ಲಿ ಪ್ಯಾಲೆಟ್ಟನ್ನೇ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ನೀರಿನಲ್ಲಿ ಕರಗಿರುವ ಆಮ್ಲಜನಕ ಬಹಳ ಕಡಿಮೆ, ಆದ್ದರಿಂದ ಉಪಾಯ ಸರಿಯಾದದ್ದೇ. ಆದರೆ ಟ್ಯೂಬಿನಿಂದ ಬಂದಷ್ಟೇ ಬಿಗಿಯಾದ ಬಣ್ಣಕ್ಕೆ ಮಾತ್ರ ಇದು ಒಗ್ಗುತ್ತದೆ. ಎಣ್ಣೆ, ಟರ್ಪಂಟೈನ್ ಬೆರೆಸಿ ತೆಳುವಾದದ್ದು ಚದುರಿ ತೇಲುತ್ತದೆ. ಹೊರತೆಗೆದ ಮೇಲೆ ನೀರಿನ ಹನಿಗಳನ್ನು ಹೀರುವ ಕಾಗದದಿಂದ ಒತ್ತಿ ತೆಗೆಯಬೇಕು, ಇಲ್ಲದಿದ್ದರೆ ನೈಫಿನಿಂದ ಕಲಸುವಾಗ ನೀರು ಬಣ್ಣದೊಳಗೆ ಸೇರಿಕೊಳ್ಳುತ್ತದೆ. ಶನಿವಾರ ರಾತ್ರಿಯಿಂದ ಭಾನುವಾರಕ್ಕೆ ಸರಿ, ವಾರಕ್ಕೆ ನಾನು ಹೇಳುವುದಿಲ್ಲ.

ಲವಂಗದ ಎಣ್ಣೆ. ಇದರಲ್ಲಿರುವ ಯೂಜಿನಾಲ್ ಎಂಬ ಅಂಶ ಎಣ್ಣೆಯನ್ನು ಆಮ್ಲಜನಕದಿಂದ ಕಾಪಾಡುತ್ತದೆ. ಮೊದಲು ಹೇಳಿದೆನಲ್ಲ, ಎಣ್ಣೆಯಲ್ಲಿ ಸಹಜವಾಗಿ ಇರುವ ತಡೆ ಖರ್ಚಾದ ಮೇಲೆ ಕ್ರಿಯೆ ವೇಗ ಪಡೆಯುತ್ತದೆ ಎಂದು. ಲವಂಗದ ಎಣ್ಣೆ ಆ ತಡೆಯನ್ನು ಹೊರಗಿನಿಂದ ತುಂಬುತ್ತದೆ. ಪರಿಣಾಮ ಜೋರಾಗಿಯೇ ಇದೆ, ಆದ್ದರಿಂದಲೇ ನನಗೆ ಭಯ. ಬಣ್ಣಕ್ಕೆ ನೇರವಾಗಿ ಬೆರೆಸಿದರೆ ಅದು ಕ್ಯಾನ್ವಾಸಿನ ಮೇಲೂ ತನ್ನ ಕೆಲಸ ಬಿಡುವುದಿಲ್ಲ. ಪದರ ವಾರಗಟ್ಟಲೆ ಮೆತ್ತಗಿರುತ್ತದೆ, ಹೆಚ್ಚಾದರೆ ಬಣ್ಣ ಕಂದಬಹುದು, ಮೇಲಿನ ಪದರ ಬಿರುಕು ಬಿಡಬಹುದು. ತಂದೆಯವರ ಭಾವಚಿತ್ರ ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದದ್ದು. ಅದರ ಬಣ್ಣದೊಳಗೆ ಲವಂಗದ ಎಣ್ಣೆ ಬೇಡ ಎಂದೇ ನನ್ನ ಸಲಹೆ.

ಬೆರೆಸದೆ ಬಳಸುವ ಒಂದು ದಾರಿ ಇದೆ. ಹತ್ತಿಯ ಸಣ್ಣ ಉಂಡೆಗೆ ಎರಡು ಮೂರು ಹನಿ ಹಾಕಿ, ಅದನ್ನು ಬಣ್ಣಕ್ಕೆ ತಾಗದಂತೆ ಡಬ್ಬಿಯ ಮೂಲೆಯಲ್ಲಿಟ್ಟು ಮುಚ್ಚಿ. ಅದರ ಆವಿಯೇ ಕೆನೆಗಟ್ಟುವುದನ್ನು ಸಾಕಷ್ಟು ತಡೆಯುತ್ತದೆ. ಈ ಉಪಾಯಕ್ಕೆ ಗಾಜಿನ ಅಥವಾ ಸ್ಟೀಲಿನ ಡಬ್ಬಿಯೇ ಆಗಬೇಕು, ಏಕೆಂದರೆ ಲವಂಗದ ಎಣ್ಣೆ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಹಲ್ಲುನೋವಿಗೆಂದು ಮಾರುವ ಸೀಸೆಯಲ್ಲಿ ಬೇರೆ ಎಣ್ಣೆ ಬೆರೆತಿರಬಹುದು, ಚೀಟಿ ಓದಿ ಕೊಳ್ಳಿ. ಫ್ರೀಜರಿಗೆ ಅವಕಾಶವಿಲ್ಲದವರಿಗೆ, ಫಾಯಿಲ್ ಜೊತೆಗೆ ಈ ಹತ್ತಿಯುಂಡೆ ವಾರದವರೆಗಿನ ಒಳ್ಳೆಯ ಉಪಾಯ.

ಇವೆಲ್ಲಕ್ಕಿಂತ ಭದ್ರವಾದದ್ದು ಟ್ಯೂಬ್. ಟ್ಯೂಬ್ ಬರುವ ಮೊದಲು ಕಲಾವಿದರು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಮೊಳೆಯಿಂದ ತೂತು ಮಾಡಿ ಹಿಂಡಿಕೊಂಡರೆ ಮತ್ತೆ ಸರಿಯಾಗಿ ಮುಚ್ಚಲು ಬರುತ್ತಿರಲಿಲ್ಲ. 1841ರಲ್ಲಿ ಲಂಡನ್ನಿನಲ್ಲಿದ್ದ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬಿಗೆ ಪೇಟೆಂಟ್ ಪಡೆದರು. ಹಿಂಡಿದಷ್ಟೂ ಕುಗ್ಗುವ, ಒಳಗೆ ಗಾಳಿ ಎಳೆದುಕೊಳ್ಳದ ಆ ರಚನೆ ಇವತ್ತಿಗೂ ಹಾಗೆಯೇ ಇದೆ. ಖಾಲಿ ಅಲ್ಯುಮಿನಿಯಂ ಟ್ಯೂಬುಗಳನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು. ತುಂಬುವಾಗ ಮುಚ್ಚಳವನ್ನು ಕೆಳಮುಖವಾಗಿ ಹಿಡಿದು ಸ್ವಲ್ಪ ಸಡಿಲಿಸಿ. ತೆರೆದ ಹಿಂಬದಿಯಿಂದ ನೈಫಿನ ತುದಿಯಲ್ಲಿ ಬಣ್ಣ ಹಾಕಿ, ಅಂಚಿಗೆ ಒರೆಸುತ್ತಾ ಹೋಗಿ. ನಡುನಡುವೆ ಮಡಚಿದ ಬಟ್ಟೆಯ ಮೇಲೆ ಟ್ಯೂಬನ್ನು ಮೆಲ್ಲಗೆ ಕುಟ್ಟಿದರೆ ಬಣ್ಣ ಕೆಳಗಿಳಿದು ಗಾಳಿ ಮೇಲೆ ಬರುತ್ತದೆ. ಎರಡು ಸೆಂಟಿಮೀಟರ್ ಖಾಲಿ ಉಳಿದಾಗ ನಿಲ್ಲಿಸಿ, ಬಾಯಿಯನ್ನು ಸ್ಕೇಲಿನಿಂದ ಚಪ್ಪಟೆ ಮಾಡಿ, ಎರಡು ಮೂರು ಮಡಿಕೆ ಹಾಕಿ, ಇಕ್ಕಳದಿಂದ ಒತ್ತಿ. ಮುಚ್ಚಳ ಬಿಗಿ ಮಾಡಿ. ಹೀಗೆ ತುಂಬಿದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ.

ಕಡಿಮೆ ಬಣ್ಣಕ್ಕೆ ಔಷಧದ ಅಂಗಡಿಯ ಸೂಜಿಯಿಲ್ಲದ ಸಿರಿಂಜ್, 5 ಅಥವಾ 10 ಮಿಲಿಲೀಟರಿನದು, ಸಾಕು. ಒತ್ತುವ ಕಡ್ಡಿಯನ್ನು ಹೊರಗೆಳೆದು, ಹಿಂದಿನಿಂದ ಬಣ್ಣ ತುಂಬಿ, ಕಡ್ಡಿ ಹಾಕಿ, ಮೂತಿಯನ್ನು ಮೇಲಕ್ಕೆ ಹಿಡಿದು ಬಣ್ಣ ಇಣುಕುವವರೆಗೆ ಒತ್ತಿ. ಗಾಳಿ ಪೂರ್ತಿ ಹೋಗುತ್ತದೆ. ಮೂತಿಗೆ ಫಾಯಿಲ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಮುಂದಿನ ವಾರ ಮೂತಿಯಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಗಟ್ಟಿಯಾಗಿದ್ದರೆ ಗುಂಡುಸೂಜಿಯಿಂದ ಕಿತ್ತು ತೆಗೆಯಿರಿ, ಹಿಂದಿನದು ತಾಜಾ ಇರುತ್ತದೆ. ಒಳಗಿನ ರಬ್ಬರ್ ಎಣ್ಣೆ ಕುಡಿದು ಉಬ್ಬುವುದರಿಂದ ಕೆಲವು ವಾರಗಳ ನಂತರ ಕಡ್ಡಿ ಒತ್ತಲು ಬಾರದಂತಾಗುತ್ತದೆ. ತಿಂಗಳುಗಳ ಲೆಕ್ಕಕ್ಕೆ ಸಿರಿಂಜ್ ಬೇಡ.

ಬೇಗ ಒಣಗಲೆಂದು ಬಣ್ಣಕ್ಕೆ ಸೇರಿಸುವ ಆಲ್ಕಿಡ್ ಮೀಡಿಯಂ, ಲಿಕ್ವಿನ್‌ನಂಥದ್ದು, ಬೆರೆಸಿದ ಬಣ್ಣವನ್ನು ವಾರ ಕಾಯುವುದು ಬಹಳ ಕಷ್ಟ. ಮೀಡಿಯಂ ಅನ್ನು ಬಳಸುವ ಹೊತ್ತಿನಲ್ಲಿ, ಬಳಸುವಷ್ಟಕ್ಕೆ ಮಾತ್ರ ಸೇರಿಸಿ. ಎತ್ತಿಡುವುದು ಟ್ಯೂಬಿನ ಬಣ್ಣಗಳ ಶುದ್ಧ ಮಿಶ್ರಣವಾಗಿರಲಿ.

ಐದಾರು ಛಾಯೆಗಳನ್ನೂ ಉಳಿಸಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಮುಖದ ನಡುಛಾಯೆ, ಬೆಳಕಿನದು, ನೆರಳಿನದು, ಈ ಮೂರನ್ನು ಹೆಚ್ಚಾಗಿ ಕಲಸಿಟ್ಟರೆ ಉಳಿದವು ಇವುಗಳ ನಡುವಿನಿಂದಲೇ ಹುಟ್ಟುತ್ತವೆ. ಅದರಲ್ಲೂ ನಡುಛಾಯೆ ಉಳಿದ ಎರಡರ ಎರಡರಷ್ಟಿರಲಿ, ಖಾಲಿಯಾಗುವುದು ಅದೇ ಮೊದಲು. ಪ್ರತಿಯೊಂದರ ಒಂದು ಗೀರನ್ನು ಕ್ಯಾನ್ವಾಸಿನ ಚೂರಿನ ಮೇಲೆ ಬಳಿದು, ಪಕ್ಕದಲ್ಲಿ ಪಾಲು ಬರೆದಿಡಿ: ಬಿಳಿ ಇಷ್ಟು, ಯೆಲ್ಲೋ ಓಕರ್ ಇಷ್ಟು, ಬರ್ನ್ಟ್ ಸಿಯೆನ್ನಾ ಇಷ್ಟು, ಅಲ್ಟ್ರಾಮರೀನ್ ಮೊನೆಯಷ್ಟು. ಟ್ಯೂಬಿನಿಂದ ಹಿಂಡಿದ ಎಳೆಯ ಉದ್ದವೇ ಅಳತೆಯಾಗಲಿ. ರಟ್ಟಿನ ಮೇಲೆ ಬಳಿಯಬೇಡಿ, ರಟ್ಟು ಎಣ್ಣೆ ಹೀರಿ ಬಣ್ಣವನ್ನು ಮಂಕಾಗಿ ತೋರಿಸುತ್ತದೆ, ನೀವು ಹೊಂದಿಸುವುದು ತಪ್ಪು ಛಾಯೆಗೆ ಆಗುತ್ತದೆ. ‘ಮತ್ತೆ ಕಲಸಿದರೆ ಅದೇ ಛಾಯೆ ಬರುವುದಿಲ್ಲ’ ಎಂಬ ನಿಮ್ಮ ಕಷ್ಟ ಈ ಚೂರಿನಿಂದಲೇ ಮುಕ್ಕಾಲು ಪಾಲು ತೀರುತ್ತದೆ.

ಇಷ್ಟಾದರೂ ಕೆನೆಗಟ್ಟಿದ್ದರೆ ಅದನ್ನು ಕಲಕಬೇಡಿ. ಗುಡ್ಡೆಯ ಬುಡದ ಸುತ್ತ ನೈಫಿನ ತುದಿಯಿಂದ ಕೊಯ್ದು, ಕೆನೆಯನ್ನು ಟೊಪ್ಪಿಯಂತೆ ಇಡಿಯಾಗಿ ಎತ್ತಿ ಎಸೆಯಿರಿ. ಚೂರುಗಳು ಒಳಗೆ ಬಿದ್ದರೆ ನಯವಾದ ಕೆನ್ನೆಯ ಮೇಲೆ ಒಂದೊಂದೂ ಕಾಣಿಸುತ್ತದೆ. ಒಳಗಿನ ಬಣ್ಣವನ್ನು ನೈಫಿನಿಂದ ಎತ್ತಿ ನೋಡಿ. ಚಿಕ್ಕದಾಗಿ ಮುರಿದು ನಿಂತರೆ ಒಳ್ಳೆಯದು. ಅಂಟಿನಂತೆ ನೂಲು ಎಳೆದರೆ, ಬಳಿದಾಗ ಬ್ರಷ್ಷನ್ನು ಹಿಡಿದೆಳೆದರೆ, ಎಣ್ಣೆ ಆಗಲೇ ಹೆಣೆದುಕೊಳ್ಳಲು ಶುರುಮಾಡಿದೆ. ಟರ್ಪಂಟೈನ್ ಹಾಕಿ ತೆಳುಮಾಡಿದರೆ ಬಳಿಯಲು ಬರುತ್ತದೆ, ಆದರೆ ಕೆಳಪದರಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಸೀಮೆಎಣ್ಣೆ ಬೇಡವೆಂದದ್ದೂ ಇದಕ್ಕೇ. ಅದು ಆಮ್ಲಜನಕವನ್ನು ತಡೆಯುವುದಿಲ್ಲ, ಎಣ್ಣೆಯ ಬಿಗಿಯನ್ನು ಸಡಿಲಿಸುತ್ತದೆ, ಜಿಡ್ಡನ್ನೂ ಬಿಟ್ಟುಹೋಗುತ್ತದೆ. ನೂಲು ಎಳೆಯುವ ಬಣ್ಣವನ್ನು ಬಿಸಾಡಿ, ಕ್ಯಾನ್ವಾಸಿನ ಚೂರು ನೋಡಿಕೊಂಡು ಹೊಸದಾಗಿ ಕಲಸಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ: ನೈಫ್, ಪ್ಯಾಲೆಟ್ ಒರೆಸಿದ ಬಟ್ಟೆ. ಅಗಸೆ ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹೊರಬರುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಸೇರಿ, ಬೆಂಕಿ ಸೋಕದೆಯೇ ಹೊತ್ತಿಕೊಳ್ಳಬಲ್ಲದು. 1991ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡ ಹೊತ್ತಿ ಉರಿದು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಮರದ ಹಲಗೆಗಳಿಗೆ ಹೊಳಪು ಕೊಡಲು ಬಳಸಿದ ಅಗಸೆ ಎಣ್ಣೆಯ ಬಟ್ಟೆಗಳಿಂದ ಆ ಬೆಂಕಿ ಶುರುವಾಗಿತ್ತು. ಭಾನುವಾರ ಸಂಜೆ ಬಣ್ಣವನ್ನು ಡಬ್ಬಿಗೆ ಹಾಕುವ ಮೊದಲೇ ಒರೆಸಿದ ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಹರಡಿ ಒಣಹಾಕಿ, ಇಲ್ಲವೇ ನೀರು ತುಂಬಿದ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.